ಕೆಮ್ಮು ಮತ್ತು ಲೆಕ್ಕದ ಪುಸ್ತಕ

(ಚನ್ನಗಿರಿಯಲ್ಲಿ ಆಶಾ ಕಾರ್ಯಕರ್ತೆಯರು ಹಾಗೂ ಕಾಲೇಜು ವಿದ್ಯಾರ್ಥಿಗಳು ಸೇರಿದ್ದ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಮೊದಲೇ ಹೇಳಿಬಿಡುತ್ತೇನೆ, ನಾನು ಡಾಕ್ಟರಲ್ಲ. ಪತ್ರಿಕೆಗೆ ವರದಿ ಬರೆಯುವವಳು. ನಮ್ಮಂಥವರ ಕೈಗೆ ರೋಗಿಗಿಂತ ಮೊದಲು ಸಿಗುವುದು ಅಂಕಿಅಂಶದ ಹಾಳೆ. 'ಕ್ಷಯ ಇಳಿಮುಖ' ಎಂದೋ, 'ಕ್ಷಯ ಪ್ರಕರಣ ಹೆಚ್ಚಳ, ಆತಂಕ' ಎಂದೋ ಶೀರ್ಷಿಕೆ ಕೊಟ್ಟು ಸಂಜೆಯೊಳಗೆ ಸುದ್ದಿ ಕಳಿಸಿಬಿಡುತ್ತೇವೆ. ಆ ಎರಡು ಶೀರ್ಷಿಕೆಗಳೂ ಎಷ್ಟು ಸಲ ತಪ್ಪಾಗಿರುತ್ತವೆ ಎಂಬುದು ನನಗೆ ತಡವಾಗಿ ಅರ್ಥವಾಯಿತು. ಅದನ್ನೇ ಇವತ್ತು ನಿಮ್ಮೊಂದಿಗೆ ಹಂಚಿಕೊಳ್ಳುತ್ತೇನೆ.

ನಿಮ್ಮಲ್ಲಿ ಕೆಲವರು ಗ್ರಾಮ ಪಂಚಾಯಿತಿ ಕಚೇರಿಗಳಲ್ಲಿ ಕಂಚಿನ ಬಣ್ಣದ ಗಾಂಧಿ ಪ್ರತಿಮೆಯನ್ನು ನೋಡಿರಬಹುದು. 2023ರಲ್ಲಿ ಶುರುವಾದ 'ಕ್ಷಯಮುಕ್ತ ಗ್ರಾಮ ಪಂಚಾಯಿತಿ' ಯೋಜನೆಯಲ್ಲಿ ಮೊದಲ ವರ್ಷ ಅರ್ಹತೆ ಪಡೆದ ಪಂಚಾಯಿತಿಗೆ ಕಂಚಿನ ಬಣ್ಣದ ಪ್ರತಿಮೆ, ಸತತ ಎರಡು ವರ್ಷ ಉಳಿಸಿಕೊಂಡರೆ ಬೆಳ್ಳಿ ಬಣ್ಣದ್ದು, ಮೂರು ವರ್ಷವಾದರೆ ಚಿನ್ನದ ಬಣ್ಣದ್ದು. ಅದಕ್ಕೆ ಕೆಲವು ಷರತ್ತುಗಳಿವೆ. ಮುಖ್ಯವಾದ ಎರಡನ್ನು ಮಾತ್ರ ನೋಡೋಣ. ವರ್ಷದಲ್ಲಿ ಸಾವಿರ ಜನಸಂಖ್ಯೆಗೆ ಕನಿಷ್ಠ 30 ಮಂದಿ ಶಂಕಿತರನ್ನು ಪರೀಕ್ಷಿಸಿರಬೇಕು. ಪತ್ತೆಯಾದ ರೋಗಿಗಳು ಸಾವಿರಕ್ಕೆ ಒಬ್ಬರಿಗಿಂತ ಹೆಚ್ಚಿರಬಾರದು. ಒಂದು ಷರತ್ತು ಹುಡುಕಿ ಎನ್ನುತ್ತದೆ, ಇನ್ನೊಂದು ಸಿಗದಿರಲಿ ಎನ್ನುತ್ತದೆ. ಎರಡನ್ನೂ ಪ್ರಾಮಾಣಿಕವಾಗಿ ಪಾಲಿಸಿದರೆ ಯೋಜನೆ ಒಳ್ಳೆಯದೇ. ಆದರೆ ಹುಡುಕುವ ಕೆಲಸ ಕಷ್ಟದ್ದು, ಸಿಗದಿರುವುದು ಬಹಳ ಸುಲಭ.

ಸ್ವಲ್ಪ ಹಿಂದಕ್ಕೆ ಹೋಗೋಣ. ಕ್ಷಯ ಎಂದರೆ ಸವೆಯುವುದು, ಕುಂದುವುದು. ದಕ್ಷನ ಇಪ್ಪತ್ತೇಳು ಹೆಣ್ಣುಮಕ್ಕಳನ್ನು ಮದುವೆಯಾದ ಚಂದ್ರ ರೋಹಿಣಿಯೊಬ್ಬಳನ್ನೇ ಮೆಚ್ಚಿದ್ದಕ್ಕೆ ಮಾವನ ಶಾಪ ತಗುಲಿ ಕ್ಷಯ ಹಿಡಿಯಿತು ಎಂಬ ಕಥೆ ನಿಮಗೆ ಗೊತ್ತಿದೆ. ರಾಜನಾದ ಚಂದ್ರನಿಗೆ ಬಂದದ್ದಕ್ಕೆ ಅದು ರಾಜಯಕ್ಷ್ಮ. ಕಥೆಯೇನೋ ಚೆನ್ನಾಗಿದೆ. ಆದರೆ ಅದು ನಮ್ಮ ತಲೆಯಲ್ಲಿ ಒಂದು ಕೆಟ್ಟ ಎಣಿಕೆಯನ್ನೂ ಬಿತ್ತಿತು: ಈ ರೋಗ ಬರುವುದು ತಪ್ಪು ಮಾಡಿದವರಿಗೆ. ಇಂದಿಗೂ ಮನೆಯಲ್ಲಿ ಅದರ ಹೆಸರೆತ್ತದೆ 'ಆ ಕಾಯಿಲೆ' ಎನ್ನುತ್ತಾರೆ. ಮದುವೆಗೆ ಬಂದ ಹುಡುಗಿಗೆ ಬಂದರಂತೂ ಪಕ್ಕದ ಮನೆಗೂ ತಿಳಿಯಗೊಡುವುದಿಲ್ಲ. ಶಾಪವೂ ಅಲ್ಲ, ವಂಶದ ದೋಷವೂ ಅಲ್ಲ, ಅದೊಂದು ಸೂಕ್ಷ್ಮಾಣು ಎಂದು ಜರ್ಮನಿಯ ರಾಬರ್ಟ್ ಕಾಕ್ 1882ರ ಮಾರ್ಚ್ 24ರಂದು ಸಾರಿದ. ಪ್ರತಿವರ್ಷ ಮಾರ್ಚ್ 24ರಂದು ನಾವು ಜಾಥಾ ಮಾಡುವುದು ಆ ದಿನದ ನೆನಪಿಗೆ. ಜಾಥಾ ಮುಗಿದ ಮೇಲೆ ಶಾಪದ ನಂಬಿಕೆಯ ಜೊತೆಗೇ ಮನೆಗೆ ಹೋಗುತ್ತೇವೆ, ಅದು ಬೇರೆ ಮಾತು.

ರೋಗಾಣು ಸಿಕ್ಕಿದರೂ ಔಷಧಿ ಸಿಗಲು ಇನ್ನೂ ಅರವತ್ತು ವರ್ಷ ಬೇಕಾಯಿತು. ಅಲ್ಲಿಯವರೆಗೆ ಒಳ್ಳೆಯ ಗಾಳಿ, ಒಳ್ಳೆಯ ಊಟ, ವಿಶ್ರಾಂತಿ, ಇವೇ ಚಿಕಿತ್ಸೆ. ನಾಲ್ವಡಿ ಕೃಷ್ಣರಾಜ ಒಡೆಯರ ಸೋದರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನಲ್ಲಿ ಮೈಸೂರಿನಲ್ಲಿ 1921ರಲ್ಲಿ ಸ್ಯಾನಟೋರಿಯಂ ಶುರುವಾಯಿತು. ಅರಮನೆಯೊಳಗೂ ನುಗ್ಗಿದ ಕಾಯಿಲೆ ಇದು. ಆದರೆ ಮೈಸೂರಿನ ಗಾಳಿ ಸೇವಿಸುತ್ತಾ ತಿಂಗಳುಗಟ್ಟಲೆ ಮಲಗಿರಲು ನಮ್ಮ ಸೀಮೆಯ ಕೂಲಿಯವನಿಗೆ ಆಗುತ್ತಿತ್ತೇ? 1944ರಲ್ಲಿ ಸ್ಟ್ರೆಪ್ಟೊಮೈಸಿನ್, 1952ರಲ್ಲಿ ಐಸೊನಿಯಜಿಡ್ ಬಂದವು. ಆಸ್ಪತ್ರೆಯಲ್ಲಿ ಮಲಗಿಸಿ ಕೊಡುವ ಔಷಧಿಯನ್ನೇ ಮನೆಯಲ್ಲಿ ಕೊಟ್ಟರೂ ಗುಣ ಅಷ್ಟೇ ಎಂದು 1959ರಲ್ಲಿ ಪ್ರಕಟವಾದ ಮದರಾಸಿನ ಅಧ್ಯಯನ ತೋರಿಸಿಕೊಟ್ಟಿತು. ಸ್ಯಾನಟೋರಿಯಂಗಳ ಕಾಲ ಮುಗಿಯಲು ಕಾರಣ ಆ ಬಡ ಮನೆಗಳಲ್ಲಿ ನಡೆದ ಪರೀಕ್ಷೆ.

ಇನ್ನೊಂದು ತಪ್ಪು ತಿಳಿವಳಿಕೆಯೂ ಅದೇ ಕಾಲದಲ್ಲಿ ಮುರಿಯಿತು. ಕ್ಷಯ ಪೇಟೆಯ ರೋಗ, ಗಿರಣಿಗಳ ರೋಗ ಎಂದು ಎಲ್ಲರೂ ನಂಬಿದ್ದರು. ನಮ್ಮ ಭಾಗದಲ್ಲೂ ಅದು ದಾವಣಗೆರೆಯ ಹತ್ತಿ ಗಿರಣಿಗಳ ಕಡೆಗೆ ಕೈ ತೋರಿಸಿ ಹೇಳುವ ಮಾತಾಗಿತ್ತು. 1955ರಿಂದ 1958ರವರೆಗೆ ನಡೆದ ರಾಷ್ಟ್ರೀಯ ಮಾದರಿ ಸಮೀಕ್ಷೆಯಲ್ಲಿ ನೋಡಿದರೆ ಹಳ್ಳಿಗಳಲ್ಲೂ ರೋಗ ಪೇಟೆಯಷ್ಟೇ ಇತ್ತು. ಆಸ್ಪತ್ರೆಗಳಿದ್ದದ್ದು ಪೇಟೆಯಲ್ಲಿ. ಆದ್ದರಿಂದ ರೋಗ ಕಾಣಿಸಿದ್ದೂ ಪೇಟೆಯಲ್ಲಿ. ಅಷ್ಟೇ.

ಇನ್ನು ನಾನು ಹೇಳಬೇಕೆಂದಿರುವ ಮುಖ್ಯ ವಿಷಯಕ್ಕೆ ಬರುತ್ತೇನೆ. ಅದು ನಡೆದದ್ದು ನಮಗೆ ತೀರ ದೂರವಲ್ಲದ ತುಮಕೂರು ಜಿಲ್ಲೆಯಲ್ಲಿ. 1959ರಲ್ಲಿ ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ, ಮೈಸೂರು ಮಹಾರಾಜರಿಗೆ ಸೇರಿದ್ದ 'ಅವಲಾನ್' ಬಂಗಲೆಯಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಆರಂಭವಾಯಿತು. ಮರುವರ್ಷ ಪ್ರಧಾನಿ ನೆಹರೂ ಬಂದು ವಿಧ್ಯುಕ್ತವಾಗಿ ಉದ್ಘಾಟಿಸಿದರು. ಅಲ್ಲಿನ ತಂಡ ತುಮಕೂರು ಜಿಲ್ಲೆಯ ಹಳ್ಳಿ, ಪೇಟೆಗಳಲ್ಲಿ ಜನರ ಎಕ್ಸ್‌ರೇ ತೆಗೆದು, ಕಫ ಪರೀಕ್ಷಿಸಿ ರೋಗಿಗಳನ್ನು ಗುರುತಿಸಿತು. ಆಮೇಲೆ ಸ್ಟಿಗ್ ಆಂಡರ್ಸನ್ ಮತ್ತು ಡಿ. ಬ್ಯಾನರ್ಜಿ ಎಂಬ ಇಬ್ಬರು ಒಂದು ಸರಳ ಪ್ರಶ್ನೆ ಕೇಳಿದರು: ಈ ರೋಗಿಗಳಿಗೆ ತಮ್ಮ ಮೈ ಸರಿಯಿಲ್ಲ ಎಂಬುದು ಗೊತ್ತಿದೆಯೇ? ಹಳ್ಳಿಯವರು ಅಜ್ಞಾನಿಗಳು, ಕೆಮ್ಮಿ ಕೆಮ್ಮಿ ಸತ್ತರೂ ಆಸ್ಪತ್ರೆಗೆ ಬರುವುದಿಲ್ಲ ಎಂಬುದು ಆಗ ಕಚೇರಿಗಳಲ್ಲಿದ್ದ ಸಾಮಾನ್ಯ ನಂಬಿಕೆ.

ಉತ್ತರ ಬೇರೆಯೇ ಆಗಿತ್ತು. ನೂರಕ್ಕೆ 95 ಮಂದಿಗೆ ತಮ್ಮ ಲಕ್ಷಣಗಳ ಅರಿವಿತ್ತು. 72 ಮಂದಿ ಅದರಿಂದ ಚಿಂತೆಗೊಳಗಾಗಿದ್ದರು. 52 ಮಂದಿ, ಅಂದರೆ ಅರ್ಧಕ್ಕಿಂತ ಹೆಚ್ಚು ಜನ, ಅದಾಗಲೇ ಚಿಕಿತ್ಸೆ ಹುಡುಕಿಕೊಂಡು ಹೋಗಿದ್ದರು. ಹೋದವರಿಗೆ ಏನಾಯಿತು? ಕೆಮ್ಮಿನ ಔಷಧಿಯ ಒಂದು ಬಾಟಲಿ ಕೊಟ್ಟು ವಾಪಸು ಕಳಿಸಿದ್ದರು. 1963ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನಿಯತಕಾಲಿಕದಲ್ಲಿ ಪ್ರಕಟವಾದ ಈ ಅಧ್ಯಯನ ದೇಶದ ಕಾರ್ಯಕ್ರಮದ ಬುನಾದಿಗಳಲ್ಲಿ ಒಂದಾಯಿತು. ಮನೆಮನೆಗೆ ಎಕ್ಸ್‌ರೇ ಗಾಡಿ ಕಳಿಸುವಷ್ಟು ದುಡ್ಡು ದೇಶದ ಬಳಿ ಇರಲಿಲ್ಲ. ತಾವಾಗಿಯೇ ಆಸ್ಪತ್ರೆಗೆ ಬರುವ ಕೆಮ್ಮಿನವರ ಕಫವನ್ನಾದರೂ ನೋಡಿ ಎಂಬ ತತ್ವದ ಮೇಲೆ 1962ರ ರಾಷ್ಟ್ರೀಯ ಕ್ಷಯ ನಿಯಂತ್ರಣ ಕಾರ್ಯಕ್ರಮ ರೂಪುಗೊಂಡಿತು. ಪ್ರತಿ ಜಿಲ್ಲೆಗೊಂದು ಕ್ಷಯ ಕೇಂದ್ರ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಒಂದು ಸೂಕ್ಷ್ಮದರ್ಶಕ.

ಆ ಬಾಟಲಿ ಅರವತ್ತು ವರ್ಷವಾದರೂ ಹೋಗಿಲ್ಲ. ಯಾವ ಊರಿನ ಔಷಧಿ ಅಂಗಡಿಯ ಮುಂದೆ ಬೇಕಾದರೂ ಒಂದು ಗಂಟೆ ನಿಂತು ನೋಡಿ. ಹೆಸರು ಕೇಳುವವರಿಲ್ಲ, ಎಷ್ಟು ದಿನದಿಂದ ಕೆಮ್ಮು ಎಂದು ಕೇಳುವವರಿಲ್ಲ. ಸಿರಪ್ಪು ಕೈ ಬದಲಾಗುತ್ತದೆ. ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ ಉಚಿತ ಎಂಬುದು ಆ ಗೋಡೆಯ ಮೇಲೆಯೇ ಅಂಟಿಸಿರುತ್ತದೆ.

ಅದೇ ಸಂಸ್ಥೆ 1961ರಿಂದ 1968ರವರೆಗೆ ಬೆಂಗಳೂರು ಜಿಲ್ಲೆಯ 119 ಹಳ್ಳಿಗಳನ್ನು ಹಿಡಿದು, ಅವೇ ಮನೆಗಳಿಗೆ ನಾಲ್ಕು ಸಲ ಹೋಗಿ ನೋಡಿತು. ಸಂಘಟಿತ ಚಿಕಿತ್ಸಾ ವ್ಯವಸ್ಥೆ ಆ ಹಳ್ಳಿಗಳಿಗೆ ಇನ್ನೂ ಬಂದಿರಲಿಲ್ಲ. ಕಫದಲ್ಲಿ ರೋಗಾಣು ಕಂಡವರ ಗತಿ ಐದು ವರ್ಷದಲ್ಲಿ ಏನಾಯಿತು ಗೊತ್ತೇ? ನೂರಕ್ಕೆ 49 ಮಂದಿ ತೀರಿಕೊಂಡಿದ್ದರು. ಸುಮಾರು 32 ಮಂದಿ ತಾವಾಗಿಯೇ ಚೇತರಿಸಿಕೊಂಡಿದ್ದರು. ಉಳಿದ 18 ಮಂದಿ ಬದುಕಿದ್ದರು, ಇನ್ನೂ ರೋಗಾಣುವನ್ನು ಹೊರಹಾಕುತ್ತಲೇ ಇದ್ದರು. ಕ್ಷಯಕ್ಕೆ ಏನೂ ಮಾಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ಜಗತ್ತಿನ ವೈದ್ಯಕೀಯ ಪುಸ್ತಕಗಳು ಉದಾಹರಿಸುವುದು ನಮ್ಮ ಹಳ್ಳಿಯವರ ಈ ಲೆಕ್ಕವನ್ನು. ಹೆಮ್ಮೆಪಡುವ ವಿಷಯವೋ ತಲೆ ತಗ್ಗಿಸುವ ವಿಷಯವೋ, ನನಗೆ ಇನ್ನೂ ತೀರ್ಮಾನಿಸಲಾಗಿಲ್ಲ.

ಇಂಥ ಸಮೀಕ್ಷೆ ಬೇರೆ, ಆಸ್ಪತ್ರೆಯ ದಾಖಲೆ ಪುಸ್ತಕ ಬೇರೆ. ಸಮೀಕ್ಷೆಯವರು ಮನೆಗೆ ಬಂದು ಎಲ್ಲರನ್ನೂ ನೋಡುತ್ತಾರೆ. ಪುಸ್ತಕದಲ್ಲಿ ಸೇರುವುದು ಬಂದವರ, ಅದರಲ್ಲೂ ಪರೀಕ್ಷೆಯಾದವರ, ಅದರಲ್ಲೂ ಬರೆದುಕೊಂಡವರ ಹೆಸರು. ಒಂದು ಉದಾಹರಣೆ ಸಾಕು. 2019ರಲ್ಲಿ ದೇಶದಲ್ಲಿ ದಾಖಲಾದ ಕ್ಷಯರೋಗಿಗಳು ಸುಮಾರು 24 ಲಕ್ಷ. 2020ರಲ್ಲಿ 18 ಲಕ್ಷ. ಒಂದೇ ವರ್ಷದಲ್ಲಿ ಕಾಲು ಭಾಗ ಇಳಿಕೆ! ನಕ್ಷೆ ಬರೆದರೆ ಗೆರೆ ಇಳಿಜಾರಿನಲ್ಲಿ ಜಾರಿದ ಹಾಗೆ ಕಾಣುತ್ತದೆ. ರೋಗ ಎಲ್ಲಿಗೂ ಹೋಗಿರಲಿಲ್ಲ. ಅದು ಕೊರೊನಾ ವರ್ಷ. ಬಸ್ಸಿರಲಿಲ್ಲ, ಆಸ್ಪತ್ರೆಗೆ ಹೋಗಲು ಜನರಿಗೆ ಭಯ, ಕಫ ನೋಡುವ ಸಿಬ್ಬಂದಿ ಬೇರೆ ಕೆಲಸದಲ್ಲಿದ್ದರು. ಸಿಗದೆ ಹೋದ ಆರು ಲಕ್ಷ ಜನ ಬಾಗಿಲು ಮುಚ್ಚಿದ ಮನೆಯೊಳಗೆ ತಮ್ಮವರ ಪಕ್ಕದಲ್ಲೇ ಕೆಮ್ಮುತ್ತಿದ್ದರು. 2024ರಲ್ಲಿ ದಾಖಲಾದವರು 26 ಲಕ್ಷ. ಇದು ಏರಿಕೆ ಎಂದು ಗಾಬರಿಯಾಗಬೇಕಿಲ್ಲ. 2012ರಿಂದ ಖಾಸಗಿ ವೈದ್ಯರೂ ರೋಗಿಗಳ ಮಾಹಿತಿ ಕೊಡುವುದು ಕಡ್ಡಾಯವಾಯಿತು, ಪರೀಕ್ಷೆಗಳು ಹೆಚ್ಚಾದವು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ನಿಜವಾದ ರೋಗ ಕಡಿಮೆಯಾಗುತ್ತಿದೆ: 2015ರಲ್ಲಿ ಲಕ್ಷಕ್ಕೆ 237 ಹೊಸ ರೋಗಿಗಳಿದ್ದದ್ದು 2024ಕ್ಕೆ 187ಕ್ಕೆ ಬಂದಿದೆ. ದಾಖಲೆ ಏರಿತು, ರೋಗ ಇಳಿಯಿತು. ಎರಡೂ ಒಟ್ಟಿಗೆ ನಿಜ. ಆದರೆ 2025ಕ್ಕೆ ಕ್ಷಯವನ್ನು ನಿರ್ಮೂಲ ಮಾಡುತ್ತೇವೆ ಎಂದು 2018ರಲ್ಲಿ ಘೋಷಿಸಿದ ಗುರಿಗೂ ಈ ಇಳಿಕೆಗೂ ಬಹಳ ಅಂತರವಿತ್ತು ಎಂಬುದನ್ನೂ ಮರೆಯುವಂತಿಲ್ಲ.

ಈಗ ನಮ್ಮ ನಾಲ್ಕು ತಾಲ್ಲೂಕುಗಳಿಗೆ ಬರೋಣ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು. ಮೂವತ್ತು ವರ್ಷಗಳಲ್ಲಿ ಇಲ್ಲಿ ಕ್ಷಯ ಏರಿತೇ ಇಳಿಯಿತೇ ಎಂದು ಯಾರಾದರೂ ಕೇಳಿದರೆ, ಮೊದಲು ಪುಸ್ತಕ ಯಾವ ಕಚೇರಿಯಲ್ಲಿದೆ ಎಂದು ಕೇಳಬೇಕಾಗುತ್ತದೆ. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆಯಾಗುವವರೆಗೆ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗ ಜಿಲ್ಲೆಯವು. ಜಗಳೂರು ಚಿತ್ರದುರ್ಗದ್ದು. ನ್ಯಾಮತಿ ತಾಲ್ಲೂಕಾದದ್ದೇ ಮೊನ್ನೆ ಮೊನ್ನೆ. ಅಲ್ಲಿಯವರೆಗೆ ಅದು ಹೊನ್ನಾಳಿಯ ಲೆಕ್ಕದಲ್ಲೇ ಕರಗಿಹೋಗಿತ್ತು. ಬಳ್ಳಾರಿಯಿಂದ ಬಂದ ಹರಪನಹಳ್ಳಿ ಇಪ್ಪತ್ತು ವರ್ಷ ಚಿಲ್ಲರೆ ನಮ್ಮ ಜಿಲ್ಲೆಯಲ್ಲಿದ್ದು 2018ರಲ್ಲಿ ವಾಪಸು ಹೋಯಿತು. ಅದು ಹೋದ ವರ್ಷ ಜಿಲ್ಲೆಯ ಒಟ್ಟು ಸಂಖ್ಯೆ ಇಳಿದರೆ ಅದು ಆರೋಗ್ಯ ಇಲಾಖೆಯ ಸಾಧನೆಯಲ್ಲ, ಕಂದಾಯ ಇಲಾಖೆಯದು. ಇಷ್ಟು ಸಾಲದೆಂಬಂತೆ 2021ರಲ್ಲಿ ನಡೆಯಬೇಕಿದ್ದ ಜನಗಣತಿ ಮುಂದೂಡಿಕೆಯಾಯಿತು. 2011ರ ಗಣತಿಯಲ್ಲಿ ನ್ಯಾಮತಿ ಎಂಬ ತಾಲ್ಲೂಕೇ ಇಲ್ಲ. ಸಾವಿರಕ್ಕೆ ಇಷ್ಟು ಎಂದು ಹೇಳಲು ಸಾವಿರವೂ ಸರಿಯಾಗಿರಬೇಕಲ್ಲ!

ಹಾಗಾದರೆ ಸಂಖ್ಯೆಯನ್ನು ಬದಿಗಿಟ್ಟು, ಯಾರಿಗೆ ಬರುತ್ತದೆ ಎಂದು ಕೇಳುವುದು ಹೆಚ್ಚು ಉಪಯುಕ್ತ. ಇದಕ್ಕೆ ಉತ್ತರ ಚೆನ್ನಾಗಿಯೇ ಗೊತ್ತಿದೆ. ರೋಗಾಣು ಗಾಳಿಯಲ್ಲಿ ಹರಡುತ್ತದೆ, ತಟ್ಟೆ ಲೋಟದಿಂದಲ್ಲ. ಅದು ಒಳಹೊಕ್ಕವರಲ್ಲಿ ಜೀವಮಾನದಲ್ಲಿ ರೋಗವಾಗಿ ಎದ್ದು ನಿಲ್ಲುವುದು ನೂರಕ್ಕೆ ಐದು ಹತ್ತು ಮಂದಿಯಲ್ಲಿ ಮಾತ್ರ. ಉಳಿದವರಲ್ಲಿ ಮಲಗಿರುತ್ತದೆ. ಅದನ್ನು ಎಬ್ಬಿಸುವುದು ಹಸಿವು, ಸಕ್ಕರೆ ಕಾಯಿಲೆ, ಕುಡಿತ, ಬೀಡಿ, ಎಚ್‌ಐವಿ, ಕಲ್ಲು ಕ್ವಾರಿಯ ಧೂಳು, ವಯಸ್ಸು. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಹೆಂಗಸರಿಗಿಂತ ಸುಮಾರು ಮೂರು ಪಟ್ಟು ಹೆಚ್ಚು ಗಂಡಸರಲ್ಲಿ ರೋಗ ಕಂಡಿತು. ವಯಸ್ಸಾದವರಲ್ಲಿ ಇನ್ನೂ ಹೆಚ್ಚು. ಅರವತ್ತರ ದಶಕದ ಬೆಂಗಳೂರು ಹಳ್ಳಿಗಳಲ್ಲೂ ಗಂಡಸರು, ವಯಸ್ಸಾದವರೇ ಮುಂದಿದ್ದರು. ನಮ್ಮ ಜಾಥಾಗಳಲ್ಲಿ ಹೆಜ್ಜೆ ಹಾಕುವವರು ಶಾಲೆಯ ಮಕ್ಕಳು. ರೋಗ ಇರುವುದು ಜಗಲಿಯ ಮೇಲೆ ಕೂತು ಆ ಜಾಥಾ ನೋಡುವ ಅಜ್ಜನಲ್ಲಿ.

ಜಗಳೂರು ಬರದ ಸೀಮೆ. ಮಳೆ ಕೈಕೊಟ್ಟ ವರ್ಷ ಬೆಂಗಳೂರಿನ ಕಟ್ಟಡ ಕೆಲಸಕ್ಕೋ ಕಾಫಿ ಸೀಮೆಗೋ ಗುಳೆ ಹೋಗುವುದು ಅಲ್ಲಿಯವರಿಗೆ ಹೊಸದಲ್ಲ. ತಗಡಿನ ಒಂದು ಶೆಡ್ಡಿನಲ್ಲಿ ಎಂಟು ಹತ್ತು ಜನ ಮಲಗುತ್ತಾರೆ. ಕಿಟಕಿ ಇರುವುದಿಲ್ಲ. ಕ್ಷಯಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಬೇಕೇ? ರೋಗ ಹತ್ತುವುದು ಅಲ್ಲಿ, ಮೈ ಸೋತ ಮೇಲೆ ವಾಪಸು ಬರುವುದು ಇಲ್ಲಿ. ಔಷಧಿ ಆರು ತಿಂಗಳದ್ದು. ಮೊದಲ ಎರಡು ತಿಂಗಳು ನಾಲ್ಕು ಬಗೆಯ ಮದ್ದು, ಆಮೇಲೆ ನಾಲ್ಕು ತಿಂಗಳು ಮೂರು ಬಗೆಯದು. ಎರಡು ತಿಂಗಳಾಗುವಷ್ಟರಲ್ಲಿ ಕೆಮ್ಮು ನಿಂತು ಹೊಟ್ಟೆ ಹಸಿಯತೊಡಗುತ್ತದೆ, ಮೇಸ್ತ್ರಿಯ ಫೋನು ಬರುತ್ತದೆ, ಬಸ್ಸು ಹತ್ತುತ್ತಾರೆ. ಔಷಧಿಯನ್ನು ಹೋದ ಊರಿಗೇ ವರ್ಗಾಯಿಸಿಕೊಳ್ಳುವ ವ್ಯವಸ್ಥೆ ಇದೆ. ರೋಗಿಗೆ ಕೊಡುವ ನಿಕ್ಷಯ್ ಸಂಖ್ಯೆ ಒಂದಿದ್ದರೆ ಸಾಕು. ಆದರೆ ಅದನ್ನು ಹೊರಡುವ ಮುಂಚೆ ಹೇಳಬೇಕು. ಇನ್ನೊಂದು ಸಣ್ಣ ಮಾತು: ರಿಫಾಂಪಿಸಿನ್ ಮಾತ್ರೆ ನುಂಗಿದರೆ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಯಾರೂ ಹೇಳದಿದ್ದರೆ ರಕ್ತ ಹೋಗುತ್ತಿದೆ ಎಂದು ಹೆದರಿ ಮಾತ್ರೆ ಬಿಟ್ಟುಬಿಡುವ ಸಾಧ್ಯತೆ ಇದೆ. ಬಿಟ್ಟುಬಿಟ್ಟ ಔಷಧಿಗೆ ರೋಗಾಣು ಹೊಂದಿಕೊಂಡರೆ ಆಮೇಲಿನ ಚಿಕಿತ್ಸೆ ಬೇರೆಯದೇ, ಕಠಿಣವಾದದ್ದು.

ನ್ಯಾಮತಿಯ ಸೂರಗೊಂಡನಕೊಪ್ಪ ಸಂತ ಸೇವಾಲಾಲರ ಹುಟ್ಟೂರು. ಜಾತ್ರೆಗೆ ದೇಶದ ಮೂಲೆಮೂಲೆಯಿಂದ ಲಂಬಾಣಿ ಬಂಧುಗಳು ಬರುತ್ತಾರೆ. ಕಬ್ಬು ಕಡಿಯಲು, ತೋಟದ ಕೆಲಸಕ್ಕೆ ತಾಂಡಾಕ್ಕೆ ತಾಂಡಾವೇ ಹೋಗಿ ಬರುವ ಜನ. ಯುಗಾದಿಗೋ ಜಾತ್ರೆಗೋ ಎಲ್ಲರೂ ಊರಿಗೆ ಬರುತ್ತಾರಲ್ಲ, ಕಫ ಪರೀಕ್ಷೆಯ ಶಿಬಿರಕ್ಕೆ ಅದಕ್ಕಿಂತ ಒಳ್ಳೆಯ ದಿನ ಬೇರೆ ಯಾವುದಿದೆ? ಮಾರ್ಚ್ 24ರಂದು ತಾಂಡಾದಲ್ಲಿ ಯಾರು ಇರುತ್ತಾರೆ ಎಂಬುದನ್ನು ನೋಡಿಕೊಂಡು ಶಿಬಿರ ಇಡಬೇಕು.

ಚನ್ನಗಿರಿ, ಹೊನ್ನಾಳಿಗಳು ಭದ್ರಾ ನಾಲೆಯ ನೀರುಂಡ ನೆಲ. ಅಡಿಕೆ ಬಂದ ಮೇಲೆ ದುಡ್ಡೂ ಬಂದಿದೆ. ಹಾಗೆಂದು ಇಲ್ಲಿ ಅಪಾಯ ಕಡಿಮೆ ಎನ್ನಲು ಬರುವುದಿಲ್ಲ. ತೋಟದ ಯಜಮಾನನಿಗೆ ಸಕ್ಕರೆ ಕಾಯಿಲೆ ಬಂದಿದೆ. ಸಕ್ಕರೆ ಇದ್ದವರಿಗೆ ಕ್ಷಯ ತಗಲುವ ಸಂಭವ ಎರಡು ಮೂರು ಪಟ್ಟು. ಅವರ ತೋಟದ ಅಡಿಕೆ ಸುಲಿಯಲು ಖೇಣಿ ಮನೆಯಲ್ಲಿ ರಾತ್ರಿಯವರೆಗೂ ಸಾಲಾಗಿ ಕೂರುವ ಹೆಂಗಸರಿಗೆ ಬೇರೆ ತೊಂದರೆ. ಅಡಿಕೆಯಿಂದ ಕ್ಷಯ ಬರುವುದಿಲ್ಲ, ತಪ್ಪು ತಿಳಿಯಬೇಡಿ. ಒಬ್ಬರು ಕೆಮ್ಮುತ್ತಿದ್ದರೆ ಮುಚ್ಚಿದ ಜಾಗದಲ್ಲಿ ಒಂದು ಸುಗ್ಗಿಯಿಡೀ ಪಕ್ಕದಲ್ಲಿ ಕೂತವರ ಮಾತು ಇದು. ಕೆಲಸ ಹೋಗುತ್ತದೆಂದು ಕೆಮ್ಮನ್ನು ಅಡಗಿಸಿಕೊಳ್ಳುವವರೂ ಇರುತ್ತಾರೆ.

ಹಸಿವಿನ ವಿಷಯ ಕೊನೆಗಿಟ್ಟಿದ್ದೆ. ಮಂಗಳೂರಿನ ಯೇನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ, ಮಾಧವಿ ಭಾರ್ಗವ ದಂಪತಿ ಮತ್ತವರ ಸಂಗಡಿಗರು ಜಾರ್ಖಂಡಿನ ನಾಲ್ಕು ಜಿಲ್ಲೆಗಳಲ್ಲಿ 2,800 ರೋಗಿಗಳ ಮನೆಯವರನ್ನು ಗಮನಿಸಿ ಒಂದು ಪರೀಕ್ಷೆ ನಡೆಸಿದರು. ಅರ್ಧ ಮನೆಗಳಲ್ಲಿ ರೋಗಿಗೆ ಮಾತ್ರ ಆಹಾರದ ಪೊಟ್ಟಣ, ಉಳಿದ ಅರ್ಧದಲ್ಲಿ ಮನೆಯವರಿಗೂ ಅಕ್ಕಿ, ಬೇಳೆ. 2023ರಲ್ಲಿ ಪ್ರಕಟವಾದ ಫಲಿತಾಂಶ ಏನೆಂದರೆ, ಎಲ್ಲರೂ ಉಂಡ ಮನೆಗಳಲ್ಲಿ ಹೊಸದಾಗಿ ಕ್ಷಯ ಬರುವುದು ನೂರಕ್ಕೆ 39ರಷ್ಟು ಕಡಿಮೆಯಾಯಿತು. ಲಸಿಕೆ ಮಾಡಬೇಕಾದ ಕೆಲಸವನ್ನು ಅಕ್ಕಿ ಬೇಳೆ ಮಾಡಿತು. ಸರ್ಕಾರ 2018ರಿಂದ ರೋಗಿಗೆ ತಿಂಗಳಿಗೆ 500 ರೂಪಾಯಿ ಕೊಡುತ್ತಿತ್ತು, 2024ರ ನವೆಂಬರಿನಿಂದ ಅದು 1,000 ರೂಪಾಯಿ. ಒಳ್ಳೆಯದು. ಆದರೆ ಬ್ಯಾಂಕಿನ ಖಾತೆ, ಆಧಾರ್ ಹೊಂದಿಕೆಯ ತೊಡಕಿನಲ್ಲಿ ದುಡ್ಡು ಬರುವ ಹೊತ್ತಿಗೆ ರೋಗಿ ಗುಣವಾಗಿರಬಾರದು. ನನ್ನ ಮಟ್ಟಿಗೆ ಆಹಾರದ ಪೊಟ್ಟಣವೇ ಮೇಲು, ಅದೂ ಮನೆಮಂದಿಗೆಲ್ಲ.

ಇನ್ನು ಆಶಾ ಅಕ್ಕಂದಿರಿಗೆ ಒಂದು ಮಾತು. ಆಗ ಹೇಳಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಇನ್ನೂ ಎರಡು ಅಂಕಿಗಳಿವೆ. ಲಕ್ಷಣವಿದ್ದವರಲ್ಲಿ ನೂರಕ್ಕೆ ಸುಮಾರು 64 ಮಂದಿ ಎಲ್ಲಿಯೂ ತೋರಿಸಿಕೊಂಡಿರಲಿಲ್ಲ. ಬಹುಪಾಲು ಜನ ಕೊಟ್ಟ ಕಾರಣ, 'ಏನೋ ಕೆಮ್ಮು, ಹೋಗುತ್ತೆ ಅಂದುಕೊಂಡೆ' ಎಂಬ ಧಾಟಿಯದು. ಎರಡನೆಯದು ಇನ್ನೂ ಮುಖ್ಯ: ಎಕ್ಸ್‌ರೇ ತೆಗೆಯದೆ ಲಕ್ಷಣ ಮಾತ್ರ ಕೇಳಿದ್ದರೆ ನೂರಕ್ಕೆ ಸುಮಾರು 43 ರೋಗಿಗಳು ತಪ್ಪಿಹೋಗುತ್ತಿದ್ದರು. ಎಂದರೆ, 'ಎರಡು ವಾರದಿಂದ ಕೆಮ್ಮಿದೆಯಾ?' ಎಂದು ಬಾಗಿಲಲ್ಲಿ ನಿಂತು ಕೇಳಿ, 'ಇಲ್ಲ' ಅಂದರೆ ಮುಂದಿನ ಮನೆಗೆ ಹೋಗುವುದು ಸಾಲದು. ಹಿಂದೆ ಕ್ಷಯ ಬಂದು ಹೋದವರು, ರೋಗಿಯ ಮನೆಯವರು, ಸಕ್ಕರೆ ಇರುವವರು, ತೀರ ಬಡಕಲಾದವರು, ಕುಡಿಯುವವರು, ಅರವತ್ತು ದಾಟಿದವರು, ಇವರ ಪಟ್ಟಿ ನಿಮ್ಮ ಡೈರಿಯಲ್ಲಿದ್ದರೆ ಕೆಮ್ಮಿಲ್ಲದಿದ್ದರೂ ಒಂದು ಎಕ್ಸ್‌ರೇ ಮಾಡಿಸಿ. ಕಫದಲ್ಲಿ ರೋಗಾಣುವನ್ನು ಒಂದೆರಡು ಗಂಟೆಯಲ್ಲಿ ಗುರುತಿಸುವ ಟ್ರೂನ್ಯಾಟ್ ಯಂತ್ರವನ್ನು ರೂಪಿಸಿದ್ದು ನಮ್ಮ ಬೆಂಗಳೂರಿನ ಪ್ರಯೋಗಾಲಯದವರೇ.

ಕೊನೆಯದಾಗಿ ಮತ್ತೆ ಗಾಂಧಿ ಪ್ರತಿಮೆಗೆ ಬರುತ್ತೇನೆ. ಐದು ಸಾವಿರ ಜನರಿರುವ ಪಂಚಾಯಿತಿ ಎಂದುಕೊಳ್ಳಿ. ವರ್ಷಕ್ಕೆ 150 ಪರೀಕ್ಷೆ, ಹೆಚ್ಚೆಂದರೆ ಐವರು ರೋಗಿಗಳು. ದೇಶದ ಸರಾಸರಿ ಅಂದಾಜನ್ನು ಹಚ್ಚಿದರೆ ಒಂಬತ್ತು ಮಂದಿ ಇರಬೇಕು. ನವೆಂಬರ್ ವೇಳೆಗೆ ಐದು ಹೆಸರು ಬರೆದಾಗಿದೆ. ಡಿಸೆಂಬರಿನಲ್ಲಿ ಖೇಣಿ ಮನೆಯಿಂದ ಒಬ್ಬಾಕೆ ಕೆಮ್ಮುತ್ತಾ ಬಂದು ಕಫದ ಡಬ್ಬಿ ಕೇಳುತ್ತಾಳೆ. ಪ್ರತಿಮೆ ಈ ವರ್ಷ ಬೇಡ ಎಂದು ಅಧ್ಯಕ್ಷರು, ಕಾರ್ಯದರ್ಶಿಗಳು ಆಗಲೇ ಒಪ್ಪಿಕೊಂಡಿದ್ದರೆ ಆಕೆಗೆ ಡಬ್ಬಿ ಸಿಗುತ್ತದೆ. ಆಕೆಯ ಮನೆಯಲ್ಲಿ ಅತ್ತೆ, ಗಂಡ, ಇಬ್ಬರು ಮಕ್ಕಳಿದ್ದಾರೆ. ಮರುದಿನ ಅವರ ಮನೆಗೂ ಹೋಗಬೇಕು.